ತಮ್ಮ ಹಾಡಿದ ಸಂಜೆ

ಆ ರಾಕ್ ಬ್ಯಾಂಡಿನ ಕಾರ್ಯಕ್ರಮಕ್ಕೆ ಹೋಗಲೇಬೇಕೆಂದು ಹಟ ಹಿಡಿದದ್ದು ನಾನಲ್ಲ, ಹುಟ್ಟಿನಿಂದ ಕಿವಿ ಕೇಳದ ನನ್ನ ತಮ್ಮ.

ನನಗೆ ಹಾಡೆಂದರೆ ಅಷ್ಟಕ್ಕಷ್ಟೆ. ಬಸ್ ನಿಲ್ದಾಣದಲ್ಲಿ ದಿನವಿಡೀ ಮೈಕಿನ ಮುಂದೆ ಕೂತು, ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿನಿಂದ ಹೊರಡುತ್ತದೆಂದು ಕೂಗುವವಳು ನಾನು. ಮನೆಗೆ ಬಂದ ಮೇಲೆ ಸದ್ದಿಲ್ಲದಿದ್ದರೆ ಅದೇ ಸುಖ. ತಮ್ಮ ಕುರ್ಚಿ ಮೇಜು ಮಾಡುವ ಕಾರ್ಖಾನೆಯಲ್ಲಿ ಬಡಗಿ. ಜೊತೆಯ ಬಡಗಿಗಳು ಫೋನಿನಲ್ಲಿ ಆ ಬ್ಯಾಂಡಿನ ಹಾಡು ಹಾಕಿಕೊಂಡು ಕೆಲಸ ಮಾಡುವಾಗ, ಇವನು ಅವರಿಂದ ಸಾಲುಗಳನ್ನು ಹಲಗೆಯ ತುಂಡಿನ ಮೇಲೆ ಬರೆಸಿಕೊಂಡು ಓದುತ್ತಿದ್ದ. ಓದಿ ಓದಿ ಎಲ್ಲ ಬಾಯಿಪಾಠ, ಅಲ್ಲ, ಕೈಪಾಠ.

ಬ್ಯಾಂಡಿನವರು ಅಧಿಕಾರದಲ್ಲಿದ್ದವರ ಹೆಸರೆತ್ತಿ ಹಾಡುವ ಜನ. ಅವರ ಎರಡು ಹಾಡುಗಳನ್ನು ರೇಡಿಯೋದಿಂದ ತೆಗೆಸಿದ್ದರು. ಈ ಸಲ ಅವರು ಹಾಡುವುದು ನಮ್ಮ ಊರಿನ ಹಳೆಯ ಹೆರಿಗೆ ಆಸ್ಪತ್ರೆಯ ಎದುರಿನ ಮೈದಾನದಲ್ಲಿ ಎಂದು ಗೊತ್ತಾಯಿತು. ಆಸ್ಪತ್ರೆಯನ್ನು ಕೆಡವಿ ಆ ಜಾಗವನ್ನು ಮಾಲ್ ಕಟ್ಟುವವರಿಗೆ ಕೊಡುವುದೆಂದು ತೀರ್ಮಾನವಾಗಿತ್ತು. ನಾನೂ ತಮ್ಮನೂ ಹುಟ್ಟಿದ್ದು ಅಲ್ಲೇ.

ಹೊರಡುವಾಗ ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅಂತಾರೆ. ನೀನು ಕೋಣನ್ನೇ ಕಿನ್ನರಿ ಹತ್ರ ಕರ್ಕೊಂಡು ಹೋಗ್ತಿದೀಯಲ್ಲೇ."

ತಮ್ಮ ಅವಳ ತುಟಿ ಓದಿಬಿಟ್ಟ. ಎರಡು ಬೆರಳು ತಲೆಗೆ ಕೊಂಬು ಮಾಡಿ ಅಮ್ಮನ ಹೊಟ್ಟೆಗೆ ಮೆಲ್ಲಗೆ ತಿವಿದ. ಅಮ್ಮ ನಕ್ಕು ದಾರಿ ಬಿಟ್ಟಳು. "ಗಲಾಟೆ ಶುರುವಾದ್ರೆ ಒಂದು ನಿಮಿಷನೂ ನಿಲ್ಲಬೇಡಿ" ಎಂದು ಹೇಳಿದ್ದು ನನಗೆ.

ಮಧ್ಯಾಹ್ನ ಮೂರಕ್ಕೇ ಮೈದಾನ ತುಂಬಿತ್ತು. ಬಿಳಿ ಸಮವಸ್ತ್ರದಲ್ಲೇ ಬಂದ ನರ್ಸುಗಳು, ಕೂಸನ್ನು ಹೆಗಲಿಗೆ ಹಾಕಿಕೊಂಡ ತಂದೆಯರು, ಕೂದಲಿಗೆ ನೀಲಿ ಬಣ್ಣ ಬಳಿದುಕೊಂಡ ಕಾಲೇಜು ಹುಡುಗಿಯರು. ತಮ್ಮ ನನ್ನನ್ನು ಎಳೆದುಕೊಂಡು ನೇರವಾಗಿ ವೇದಿಕೆಯ ಬಲಗಡೆಯ ದೊಡ್ಡ ಸ್ಪೀಕರಿನ ಪಕ್ಕಕ್ಕೆ ಹೋದ. ಕಿವಿ ಇರುವವರು ಯಾರೂ ನಿಲ್ಲಲಾಗದ ಜಾಗ ಅದು, ಹಾಗಾಗಿ ಖಾಲಿಯಿತ್ತು. ಬ್ಯಾಂಡಿನ ಹಾಡುಗಾರ್ತಿ ಮೊದಲ ಹಾಡು ಶುರುಮಾಡಿದಾಗ ಅವನು ಎರಡೂ ಅಂಗೈಗಳನ್ನು ಸ್ಪೀಕರಿನ ಪೆಟ್ಟಿಗೆಗೆ ಒತ್ತಿ ಕಣ್ಣು ಮುಚ್ಚಿದ. ಆಮೇಲೆ ನನ್ನ ಕಡೆ ತಿರುಗಿ ಸನ್ನೆಯಲ್ಲಿ ಹೇಳಿದ: "ಪಕ್ಕೆಲುಬಿನ ಒಳಗೆ ಯಾರೋ ಮೊಳೆ ಹೊಡೀತಿದಾರೆ. ಒಳ್ಳೆ ಕೆಲಸಗಾರ."

ಅವನಿಗೆ ಹಾಡುಗಳನ್ನು ಕೈಯಲ್ಲಿ ಹೇಳುವುದು ನನ್ನ ಪಾಲಿನ ಕೆಲಸ. ನಾಲ್ಕನೆಯ ಹಾಡಿಗೆ ನನ್ನ ತೋಳು ಸೋತಿತು. ಮೆಲ್ಲಗೆ ಸಾಲು ಬಿಡತೊಡಗಿದೆ.

"ಎರಡು ಸಾಲು ನುಂಗಿದೆ" ಎಂದ.

"ನಿನಗೆ ಗೊತ್ತಿರೋದೇ ತಾನೆ."

"ಗೊತ್ತಿದ್ರೂ ಹೇಳಬೇಕು. ಇಲ್ಲಿರೋರಿಗೆಲ್ಲ ಗೊತ್ತು, ಆದ್ರೂ ಅವಳು ಹಾಡ್ತಿಲ್ವಾ?"

ಐದೂಮುಕ್ಕಾಲಿನ ಹೊತ್ತಿಗೆ ಹಾಡುಗಾರ್ತಿ ಗಿಟಾರು ಬಿಚ್ಚಿಟ್ಟು ಆಸ್ಪತ್ರೆಯ ಕಟ್ಟಡದ ಕಡೆ ಕೈ ತೋರಿಸಿದಳು. ಎಲ್ಲರೂ ಕಾಯುತ್ತಿದ್ದ ಹಾಡು ಅದು. "ಇಲ್ಲೇ ಅತ್ತೆವು ಮೊದಲು, ಇಲ್ಲೇ ಉಸಿರೆಳೆದೆವು. ಈ ಬಾಗಿಲಿಗೆ ಬೀಗ ಜಡಿಯಲು ನೀವು ಯಾರು?" ಎಂದು ಅದರ ಪಲ್ಲವಿ. ಒಂದು ಸಲ ಹಾಡಿದಳು. ಎರಡನೆಯ ಸಲ ಬಾಯಿ ತೆರೆದಾಗ ಸದ್ದು ಬರಲಿಲ್ಲ. ತಮ್ಮ ಥಟ್ಟನೆ ಸ್ಪೀಕರಿನಿಂದ ಕೈ ತೆಗೆದು ಬಿಸಿ ತಾಗಿದವನಂತೆ ಅಂಗೈ ನೋಡಿಕೊಂಡ. ವಿದ್ಯುತ್ ಕಡಿದಿದ್ದರು.

ಮೈದಾನದ ಅಂಚಿನಲ್ಲಿದ್ದ ಪೊಲೀಸ್ ಗಾಡಿಯ ಧ್ವನಿವರ್ಧಕ ಗುಡುಗಿತು. ಅನುಮತಿ ರದ್ದಾಗಿದೆ, ಎಲ್ಲರೂ ಜಾಗ ಖಾಲಿ ಮಾಡಬೇಕು, ಅನುಮತಿ ರದ್ದಾಗಿದೆ. ಅದೇ ಮಾತು, ಮತ್ತೆ ಮತ್ತೆ, ಬಿಡುವಿಲ್ಲದೆ. ಅನುಮತಿ ಆರು ಗಂಟೆಯವರೆಗಿತ್ತು. ಜನ ಕೂಗಾಡಿದರು. ಹಿಂದಿನಿಂದ ಯಾರೋ ಎಸೆದ ನೀರಿನ ಬಾಟಲಿ ನಮ್ಮ ತಲೆಯ ಮೇಲಿಂದ ಹಾರಿ ಪೊಲೀಸರ ಸಾಲಿನ ಮುಂದೆ ಬಿತ್ತು. ಆ ಸಾಲು ಒಂದು ಹೆಜ್ಜೆ ಮುಂದೆ ಬಂತು. ತಮ್ಮನ ರಟ್ಟೆ ಹಿಡಿದು "ನಡಿ, ಹೋಗೋಣ" ಎಂದೆ.

ಅವನು ಕೊಸರಿಕೊಂಡ. "ಅವಳು ಇನ್ನೂ ಹಾಡ್ತಿದಾಳೆ."

ನಿಜ. ಹಾಡುಗಾರ್ತಿ ಅಲ್ಲೇ ನಿಂತು ಹಾಡುತ್ತಲೇ ಇದ್ದಳು. ಆ ಗದ್ದಲದಲ್ಲಿ ಅವಳ ದನಿ ಎರಡು ಮಾರು ದೂರವೂ ಹೋಗುತ್ತಿರಲಿಲ್ಲ. ಇಡೀ ಮೈದಾನದಲ್ಲಿ ಅವಳ ಹಾಡು ಮುಟ್ಟುತ್ತಿದ್ದದ್ದು ನನ್ನ ತಮ್ಮನೊಬ್ಬನಿಗೆ.

ನಾನು ಹಿಡಿಯುವುದರೊಳಗೆ ಅವನು ಸತ್ತ ಸ್ಪೀಕರಿನ ಪೆಟ್ಟಿಗೆಯ ಮೇಲೆ ಹತ್ತಿ ನಿಂತಿದ್ದ. ಓರೆಗಣ್ಣಿನಲ್ಲಿ ಹಾಡುಗಾರ್ತಿಯ ತುಟಿ ನೋಡುತ್ತ, ಜನರ ಕಡೆ ಮೈ ತಿರುಗಿಸಿ, ಕೈಯಲ್ಲಿ ಹಾಡತೊಡಗಿದ. ಬೆರಳು ನೆಲಕ್ಕೆ ತೋರಿಸಿ, ಇಲ್ಲೇ. ಎರಡು ಬೆರಳು ಕೆನ್ನೆಯ ಮೇಲೆ ಇಳಿಸಿ, ಅತ್ತೆವು. ಎದೆಯ ಮೇಲೆ ಅಂಗೈ ಏರಿಸಿ ಇಳಿಸಿ, ಉಸಿರು. ಜನ ಮೊದಲು ಮಿಕಮಿಕ ನೋಡಿದರು. ಮುಂದಿನ ಸಾಲಿನ ಒಬ್ಬ ವಯಸ್ಸಾದ ನರ್ಸು ನನ್ನ ಕಿವಿಗೆ ಬಾಯಿಟ್ಟು ಕೇಳಿದಳು: "ಏನಮ್ಮಾ ಅವನು ಹೇಳ್ತಿರೋದು?"

"ಹಾಡ್ತಿದಾನೆ. ಇಲ್ಲೇ ಅತ್ತೆವು ಮೊದಲು."

ಆಕೆ ತಕ್ಷಣ ಬೆರಳು ನೆಲಕ್ಕೆ ತೋರಿಸಿದಳು. ಆಮೇಲೆ ಅವಳ ಪಕ್ಕದವಳು. ಎಲ್ಲರಿಗೂ ಗೊತ್ತಿದ್ದ ಹಾಡು. ಯಾವ ಸಾಲಿಗೆ ಯಾವ ಕೈ ಎಂದು ತಿಳಿಯಲು ಹೊತ್ತು ಹಿಡಿಯಲಿಲ್ಲ. ಬಾಟಲಿ ಎತ್ತಿದ್ದ ಕೈಗಳೂ ಖಾಲಿಯಾಗಬೇಕಾಯಿತು, ಯಾಕೆಂದರೆ ಬಾಗಿಲು ಅನ್ನುವುದಕ್ಕೆ ಎರಡೂ ಅಂಗೈ ಬೇಕು. ಮೂರನೆಯ ಸಲ ಪಲ್ಲವಿ ಬರುವಾಗ ಮೈದಾನದ ಕೊನೆಯವರೆಗೂ ಸಾವಿರಾರು ಅಂಗೈಗಳು ಒಟ್ಟಿಗೆ ತೆರೆದು ಮುಚ್ಚುತ್ತಿದ್ದವು. ಕೂಗಾಟ ತಾನಾಗಿ ನಿಂತಿತ್ತು. ಪೊಲೀಸರ ಧ್ವನಿವರ್ಧಕವೊಂದೇ ಒದರುತ್ತಿತ್ತು, ಸ್ವಲ್ಪ ಹೊತ್ತಿನಲ್ಲಿ ಅದಕ್ಕೂ ನಾಚಿಕೆಯಾಯಿತೋ ಏನೋ, ಸುಮ್ಮನಾಯಿತು. ಆಗ ಹಾಡುಗಾರ್ತಿಯ ಬರಿಗಂಟಲು ಕೇಳಿಸಿತು. ಯಾರೂ ಅವಳ ಜೊತೆ ದನಿ ಸೇರಿಸಲಿಲ್ಲ, ಕೈ ಮಾತ್ರ ಸೇರಿಸಿದರು. ಪೊಲೀಸರ ಸಾಲು ಅಲ್ಲೇ ನಿಂತಿತ್ತು. ಅವರ ಮೇಲಧಿಕಾರಿಯೊಬ್ಬ ಕೈಗಡಿಯಾರ ನೋಡಿಕೊಳ್ಳುತ್ತಿದ್ದ. ಆರು ಗಂಟೆಗೆ ಹಾಡು ಮುಗಿಯಿತು, ಜನ ತಂತಮ್ಮ ಪಾಡಿಗೆ ಚದುರಿದರು. ಯಾರಿಗೂ ಒಂದು ಗೀರು ಗಾಯವೂ ಆಗಲಿಲ್ಲ.

ಹಾಡುಗಾರ್ತಿ ವೇದಿಕೆಯಿಂದ ಇಳಿದು ಬಂದು ತಮ್ಮನ ಎರಡೂ ಕೈ ಹಿಡಿದುಕೊಂಡಳು. ಕೈ ಹಿಡಿದರೆ ಅವನಿಗೆ ಮಾತೇ ಕಟ್ಟಿಹೋಗುತ್ತದೆಂದು ನಾನೇ ಬಿಡಿಸಬೇಕಾಯಿತು.

"ಏನಾದ್ರೂ ಹೇಳ್ತಾರಾ ನನಗೆ?" ಎಂದು ಕೇಳಿದಳು.

ತಮ್ಮ ಹೇಳಿದ. ನನಗೆ ಅದನ್ನು ಮಾತಿಗೆ ತರಲು ಸಂಕೋಚ. ಅವನು ಮೊಣಕೈಯಿಂದ ತಿವಿದ.

"ನಿಮ್ಮ ಕೂದಲು ಪದೇಪದೇ ಬಾಯಿಗೆ ಅಡ್ಡ ಬರುತ್ತಂತೆ. ಎರಡನೇ ಚರಣದಲ್ಲಿ ನೀವು ಯಾವ ಸಾಲಲ್ಲಿದ್ದೀರಿ ಅಂತ ಅಂದಾಜು ಮಾಡ್ಕೊಂಡೇ ಹೇಳಿದ್ನಂತೆ. ಕಟ್ಕೊಂಡು ಹಾಡಿ ಅಂತಾನೆ."

ಅವಳು ಹೊಟ್ಟೆ ಹಿಡಿದು ನಕ್ಕಳು. ನಕ್ಕು ಕಣ್ಣೊರೆಸಿಕೊಂಡು, ಅಲ್ಲೇ ಕೂದಲು ಸುತ್ತಿ ಗಂಟು ಹಾಕಿಕೊಂಡಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವನು ಕೇಳಿದ: "ಅವಳ ದನಿ ಹೇಗಿದೆ?"

ಇಪ್ಪತ್ತೊಂಬತ್ತು ವರ್ಷದಲ್ಲಿ ಅವನು ನನ್ನನ್ನು ಯಾರ ದನಿಯ ಬಗ್ಗೆಯೂ ಕೇಳಿರಲಿಲ್ಲ. ಎರಡು ನಿಲ್ದಾಣ ದಾಟುವವರೆಗೆ ಯೋಚಿಸಿದೆ. "ಉಜ್ಜದ ಹಲಗೆ ಮೇಲೆ ಕೈ ಆಡಿಸಿದ ಹಾಗೆ" ಎಂದೆ.

ಅವನು ತಲೆಯಾಡಿಸಿದ. "ಒಳ್ಳೇದು. ಉಜ್ಜಿದ್ರೆ ಮರದ ವಾಸನೆ ಹೋಗುತ್ತೆ."

ಆಸ್ಪತ್ರೆ ಪೂರ್ತಿ ಉಳಿಯಿತು ಎಂದರೆ ಸುಳ್ಳಾಗುತ್ತದೆ. ಹಿಂದಿನ ಕಟ್ಟಡ ಹೋಯಿತು. ಹೆರಿಗೆ ವಾರ್ಡು ಮಾತ್ರ ನಿಂತಿದೆ, ಈಗಲೂ ಅಲ್ಲಿ ಮಕ್ಕಳು ಹುಟ್ಟುತ್ತಿದ್ದಾರೆ. ಕಾರ್ಯಕ್ರಮವಾದ ಮರುವಾರ ಆ ವಯಸ್ಸಾದ ನರ್ಸು ನಮ್ಮ ಮನೆ ಹುಡುಕಿಕೊಂಡು ಬಂದು, ಸನ್ನೆ ಭಾಷೆ ಕಲಿಸಿಕೊಡು ಎಂದು ತಮ್ಮನನ್ನು ಕೇಳಿದಳು. ಕಿವಿ ಕೇಳದ ಬಾಣಂತಿಯರು ಬಂದರೆ ಅವರು ಹೇಳುವುದು ನರ್ಸುಗಳಿಗೆ ಏನೂ ತಿಳಿಯುವುದಿಲ್ಲವಂತೆ. ಅವಳ ಹಿಂದೆ ಇನ್ನಿಬ್ಬರು ಬಂದರು. ಈಗ ಭಾನುವಾರ ಬೆಳಿಗ್ಗೆ ನಮ್ಮ ನಡುಮನೆಯಲ್ಲಿ ಹದಿನಾಲ್ಕು ಜನ ಕೂರುತ್ತಾರೆ.

ಹದಿನೈದನೆಯವಳು ಅಮ್ಮ. ತುಟಿ ಓದುತ್ತಾನಲ್ಲ, ಸಾಕು ಎಂದು ಇಷ್ಟು ವರ್ಷ ಸನ್ನೆ ಕಲಿಯದೇ ಇದ್ದವಳು, ಮೊದಲ ವಾರ ಎಲ್ಲರಿಗೂ ನೀರು ಕೊಡುವ ನೆಪದಲ್ಲಿ ಬಂದು ಹಿಂದೆ ನಿಂತಳು, ಎರಡನೆಯ ವಾರ ಕೂತಳು. ಮೊನ್ನೆ ಊಟ ಆರಿಹೋಗುತ್ತಿದೆಯೆಂದು ಅವನನ್ನು ಕೈಯಲ್ಲೇ ಬೈದಳು, ಮೂರು ಪದ. ಅದರಲ್ಲಿ ಒಂದು ತಪ್ಪು. ತಮ್ಮ ಎದ್ದು ಹೋಗಿ ಅವಳ ಬೆರಳು ಹಿಡಿದು ಸರಿಮಾಡಿ, "ಈಗ ಇನ್ನೊಂದ್ಸಲ ಬೈ" ಎಂದ.