ಏನೂ ಒಡೆಯದ ದಿನ

"ಮಗಳು ಒಡೆಯೋದು, ಅಪ್ಪ ಹಾಕೋದು. ಒಳ್ಳೆ ವ್ಯಾಪಾರ ಕಣಯ್ಯಾ ನಿಂದು!"

ಕಟ್ಟಡದ ಸೆಕ್ರೆಟರಿ ಇದನ್ನು ಮೆಲ್ಲಗೇನೂ ಹೇಳಲಿಲ್ಲ. ಮೆಟ್ಟಿಲ ತಿರುವಿನಲ್ಲಿ ನಿಂತು, ಹೊಟ್ಟೆಯ ಮೇಲೆ ಕೈ ಕಟ್ಟಿಕೊಂಡು, ಎಲ್ಲ ಅಂತಸ್ತಿಗೂ ಕೇಳುವ ಹಾಗೆ ಹೇಳಿದ. ಮೇಲಿನ ಮನೆಯವರು, ಕೆಳಗಿನ ಮನೆಯವರು, ಕೆಲಸವಿದ್ದವರು, ಇಲ್ಲದವರು ಎಲ್ಲ ಕಂಬಿಗೆ ಆತುಕೊಂಡು ನಿಂತಿದ್ದರು. ನಗು ಮೆಟ್ಟಿಲಿಳಿದು ಬೀದಿಯವರೆಗೂ ಹೋಯಿತು.

ಗಾಜಿನವನು ಫೋನು ಬಂದ ಕೂಡಲೇ ಕೆಲಸ ಅರ್ಧಕ್ಕೆ ಬಿಟ್ಟು ಓಡಿ ಬಂದಿದ್ದ. ಗಾಜು ಕತ್ತರಿಸಿ ಕಿಟಕಿಗೆ ಕೂರಿಸುವುದು ಅವನ ಕಸುಬು. ಬಾಯಿ ಗಾಜಿಗಿಂತ ಹರಿತ. ಮೇಷ್ಟ್ರಿಗೇ ತಿರುಗಿ ಮಾತಾಡಿ ಏಳನೇ ಕ್ಲಾಸಿಗೇ ಶಾಲೆಗೆ ಕೈ ಮುಗಿದವನು, ಯಾರೇ ಒಂದು ಅಂದರೆ ಎರಡು ಅಂದೇ ತೀರುವ ಆಸಾಮಿ. ಆದರೆ ಇವತ್ತು ಏನೆಂದು ಅನ್ನುವುದು? ತಿರುವಿನ ಕಿಟಕಿ ನಿಜಕ್ಕೂ ಪುಡಿಪುಡಿಯಾಗಿತ್ತು. ಅದರ ಪಕ್ಕದಲ್ಲಿ ಅವನ ಏಳು ವರ್ಷದ ಮಗಳು, ಕಟ್ಟಡದವರ ಬಾಯಲ್ಲಿ 'ಬಿರುಗಾಳಿ', ಅಪ್ಪನ ಹಳೇ ಗ್ಲೌಸನ್ನು ಮೊಣಕೈವರೆಗೂ ಎಳೆದುಕೊಂಡು ನಿಂತಿದ್ದಳು. ಅಳುವಿಲ್ಲ, ಅಂಜಿಕೆಯಿಲ್ಲ.

"ನೋಡ್ರಪ್ಪಾ, ಕೈಗೆ ಗ್ಲೌಸು, ಕೆಳಗೆ ಪೇಪರ್! ಚೂರೆಲ್ಲ ಪೇಪರ್ ಮೇಲೇ ಬಿದ್ದಿದೆ. ಅಂದ್ರೆ ಮೊದಲು ಹಾಸಿ, ಆಮೇಲೆ ಒಡೆದಿದ್ದಾಳೆ. ಇದು ಮಕ್ಕಳ ಬುದ್ಧಿನಾ? ಪಕ್ಕಾ ಕಳ್ಳರ ಬುದ್ಧಿ!" ಸೆಕ್ರೆಟರಿ ಈಗ ಗಾಜಿನವನ ಕಡೆ ತಿರುಗಿದ. "ನಮ್ಮೆದುರಿಗೇ ನಾಲ್ಕು ಬಿಡು. ಇಲ್ಲಾಂದ್ರೆ ನಾನು ಹೇಳಿದ್ನಲ್ಲ ಆ ಹಾಸ್ಟೆಲ್ಲು, ಅಲ್ಲಿಗೆ ಸೇರಿಸು. ಇಂಥವರನ್ನ ತಿದ್ದಿ ಹಸು ಮಾಡಿ ಕಳಿಸ್ತಾರೆ. ಭಾನುವಾರ ಅಲ್ಲಿಯ ವಾರ್ಡನ್ನು ನಮ್ಮನೆಗೇ ಬರ್ತಾರೆ. ನಿನ್ನ ಹೆಂಡತಿ ಆಗ್ಲಿ ಅಂದಾಯ್ತು."

ಗಾಜಿನವನು ತಲೆಯೆತ್ತಿ ನೋಡಿದ. ಮೇಲಿನ ಮೆಟ್ಟಿಲಲ್ಲಿ ಹೆಂಡತಿ ನಿಂತಿದ್ದಳು. ಅವಳು ಕಣ್ಣು ತಪ್ಪಿಸಿದಳು.

"ಒಂದೇಟು ಹಾಕ್ಬಿಡಿ ರೀ," ಅಂದಳು, ದನಿ ಒಡೆದಿತ್ತು. "ಇವರ ಬಾಯಾದ್ರೂ ಮುಚ್ಚಲಿ."

ತಿದ್ದುವುದಂತೆ! ಅವನನ್ನೂ ಚಿಕ್ಕಂದಿನಲ್ಲಿ ಹೀಗೇ ತಿದ್ದಿದ್ದರು. ತಿದ್ದಿ ತಿದ್ದಿ ಕಾಗದವೇ ಹರಿದಿತ್ತು. ಆದರೂ ಇಷ್ಟು ಜನರ ನಗು ಬೆನ್ನಿಗೆ ಚುಚ್ಚುತ್ತಿದ್ದಾಗ ಕೈ ತಾನಾಗಿ ಮೇಲೇಳುತ್ತದೆ. ಎದ್ದಿತು ಕೂಡ.

ಎದ್ದ ಕೈಯ ಕೆಳಗಿನಿಂದ ಮಗಳು ಕೇಳಿದಳು: "ಅಪ್ಪಾ, ಇವತ್ತು ಯಾವ ಗಾಜು ಹಾಕೋಣ? ಮಂಜು ಮಂಜಾಗಿರೋದಾ, ಆಚೆ ಕಾಣೋದಾ?"

ಆಗ ಅವನಿಗೆ ಉಳಿದದ್ದೆಲ್ಲ ಕಂಡಿತು. ಪೇಪರಿನ ಆಚೆ ಅವನು ಕೂತು ಕೆಲಸ ಮಾಡುವ ಗಿಡ್ಡ ಸ್ಟೂಲು. ಅದಕ್ಕೆ ಅಂಟಿಕೊಂಡಂತೆ ಅವಳ ಪ್ಲಾಸ್ಟಿಕ್ ಸ್ಟೂಲು. ಗಾಜನ್ನು ಚೌಕಟ್ಟಿಗೆ ಹಿಡಿಸುವ ಪುಟ್ಟಿಯನ್ನು ಡಬ್ಬಿಯಿಂದ ತೆಗೆದು, ಎಣ್ಣೆ ಬಿಡುವಷ್ಟು ನಾದಿ, ಹಾವಿನ ಮರಿಗಳ ಹಾಗೆ ಉದ್ದುದ್ದ ಹೊಸೆದು ಮುಚ್ಚಳದಲ್ಲಿ ಜೋಡಿಸಿಟ್ಟಿದ್ದಳು. ಅವುಗಳ ಮೇಲೂ ಗಾಜಿನ ಪುಡಿ ಮಿನುಗುತ್ತಿತ್ತು.

ಸೆಕ್ರೆಟರಿ ಸುಳ್ಳು ಹೇಳಿರಲಿಲ್ಲ. ಮೊದಲೇ ಎಲ್ಲ ಹೂಡಿಟ್ಟುಕೊಂಡೇ ಒಡೆದಿದ್ದಳು. ಆದರೆ ಯಾತಕ್ಕೆ ಹೂಡಿದ್ದಳು?

ಅಡುಗೆಮನೆ ಕಪಾಟಿನ ಗಾಜು ಒಡೆದ ಮೊದಲ ಸಲದಿಂದಲೂ ಅವನದು ಒಂದೇ ಪರಿಪಾಠ. ಊರ ಯಾವ ಮೂಲೆಯಲ್ಲಿದ್ದರೂ ಓಡಿ ಬರುವುದು, ಕತ್ತಲಾಗುವ ಮುಂಚೆ ಹೊಸ ಗಾಜು ಕೂರಿಸಿ, ಏನೂ ಆಗೇ ಇಲ್ಲ ಎಂಬಂತೆ ಒರೆಸಿಬಿಡುವುದು. ಗಾಜಿನವನ ಮನೆ ಕಿಟಕಿ ಬಾಯಿ ಬಿಟ್ಟುಕೊಂಡಿದೆ ಅನ್ನಿಸಿಕೊಳ್ಳಬಾರದಲ್ಲ! ಆ ಹೊತ್ತಿನಲ್ಲಿ ಮಗಳು ಪಕ್ಕದಲ್ಲಿ ಕೂತು ಪುಟ್ಟಿ ಕೊಡುತ್ತಿದ್ದಳು, ಬಾಯಿ ಬಿಡುವಿಲ್ಲದೆ ಹರಟುತ್ತಿದ್ದಳು. ಮಿಕ್ಕ ದಿನಗಳಲ್ಲಿ? ಅವನು ಮನೆಗೆ ಬರುವ ಹೊತ್ತಿಗೆ ಅವಳು ನಿದ್ದೆ. ಅವಳು ಏಳುವ ಹೊತ್ತಿಗೆ ಅವನು ಕೆಲಸದ ಪಾಲು.

ಅಪ್ಪನನ್ನು ಕರೆಯಲು ಕೂಸಿಗೆ ಗೊತ್ತಿದ್ದದ್ದು ಇದೊಂದೇ ದಾರಿ. ಆ ದಾರಿಯನ್ನು ಕಲಿಸಿದವನೂ ಅವನೇ.

ಅವನು ಕೈ ಇಳಿಸಿದ.

"ಹೊಡಿಯಲ್ವಾ?" ಅಂದ ಸೆಕ್ರೆಟರಿ.

"ಇಲ್ಲ. ಸಿನಿಮಾ ಮುಗೀತು, ಮನೆಗೆ ಹೋಗಿ. ಮುಂದಿನ ಆಟಕ್ಕೆ ಟಿಕೆಟ್ ಇಡ್ತೀನಿ."

ಚೂರುಗಳನ್ನು ಗುಡಿಸಿ ಎತ್ತಿದ. ಮಗಳು ಸ್ಟೂಲಿನ ಮೇಲೆ ಕೂತು ಕಾಯುತ್ತಿದ್ದಳು. ಅವಳೆದುರು ಕುಕ್ಕರಗಾಲಲ್ಲಿ ಕೂತು ಹೇಳಿದ: "ಇವತ್ತು ಗಾಜು ಹಾಕಲ್ಲ ಮಗಾ. ರಟ್ಟು ಬಡೀತೀನಿ. ಒಡೆದ ದಿನ ನಾವಿಬ್ರೂ ಗಾಜು ಹಾಕಲ್ಲ."

ಆಗ ಬಿರುಗಾಳಿ ತನ್ನ ಹೆಸರು ಉಳಿಸಿಕೊಂಡಿತು. ಪುಟ್ಟಿಯ ಡಬ್ಬಿ ಮೆಟ್ಟಿಲ ಮೇಲೆ ಟಣಟಣ ಉರುಳಿಹೋಯಿತು. ಅವಳು ಕಿರುಚಿದಳು, ಒದ್ದಳು, ಅವನ ಮುಂಗೈ ಕಚ್ಚಿದಳು. ಅವನು ಬೈಯಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಮೆಟ್ಟಿಲ ಕಡೆಗೆ ಅಡ್ಡ ಕೂತು, ಅವಳು ಉರುಳಿ ಬೀಳದಂತೆ ಕೈ ಚಾಚಿಟ್ಟುಕೊಂಡ. ಸುಸ್ತಾಗುವವರೆಗೂ ಕಿರುಚಿ, ಕೊನೆಗೆ ಅವಳೇ ಆ ತೋಳಿನ ಮೇಲೆ ತಲೆಯಿಟ್ಟಳು. ಹಿಂದಿನಿಂದ ಯಾರೋ ಅಂದರು: "ಗಾಜಿನವನಿದ್ದೂ ಕಿಟಕಿಗೆ ರಟ್ಟು! ಕೇಳಿದ್ರಾ?"

ಅಡುಗೆಮನೆಯಲ್ಲಿ ಗಂಡಹೆಂಡಿರ ಜಗಳ ಶುರುವಾಯಿತು.

"ನನ್ನ ಕೇಳದೆ ಹಾಸ್ಟೆಲ್ಲಿಗೆ ಒಪ್ಕೊಂಡ್ಯಾ?"

"ಕೇಳೋಕೆ ನೀವೆಲ್ಲಿ ಸಿಗ್ತೀರಾ?" ಅವಳು ಸೌಟು ಕುಕ್ಕಿದಳು. "ಕಿರುಚೋದು, ಕಚ್ಚೋದು, ಶಾಲೆಯಿಂದ ಫೋನು, ಪಕ್ಕದ ಮನೆಯವಳ ಮೂದಲಿಕೆ, ಎಲ್ಲ ನಾನೊಬ್ಬಳೇ ನುಂಗ್ಬೇಕು. ನೀವು ಬರೋದು ಗಾಜು ಹಾಕಿ ಹೀರೋ ಆಗೋಕೆ. ನನಗೇನು ಅವಳನ್ನ ಕಳಿಸೋ ಆಸೆನಾ? ಸಾಕಾಗಿದೆ ರೀ. ನಂಗೆ ಸಾಕಾಗಿದೆ."

ಅವನ ನಾಲಿಗೆ ತುದಿಗೆ ಎರಡು ಮಾತು ಬಂದಿದ್ದವು, ಎರಡೂ ಹರಿತ. ನುಂಗಿಕೊಂಡ.

"ಅವಳು ಒಡೆದಾಗ ಬಂದೆ. ಒಡೆಯದಿದ್ದಾಗ ಬರ್ಲಿಲ್ಲ," ಅಂದ. "ಅದೇ ಉಲ್ಟಾ ಆಗಿರೋದು. ಒಡೆದ್ರೆ ನಂಗೆ ಫೋನು ಮಾಡ್ಬೇಡ. ರಟ್ಟು ತಂದಿಟ್ಟಿರ್ತೀನಿ. ಏನೂ ಒಡೆಯದಿದ್ರೂ ಬೆಳಕಿರೋವಾಗ ಬರ್ತೀನಿ. ಅವಳ ಜೊತೆ ಕೂರ್ತೀನಿ, ನೀನು ಹೊರಗೆ ಹೋಗಿ ಸ್ವಲ್ಪ ಉಸಿರು ಬಿಡು."

"ಮಾತು ಮಾತ್ರ ಚೆನ್ನಾಗಿ ಬರುತ್ತೆ," ಅಂದಳು ಅವಳು. ಆದರೆ ಸೌಟನ್ನು ಮೆಲ್ಲಗೆ ಇಟ್ಟಳು.

ಮರುದಿನ ಕೆಲಸ ಬೇಗ ಮುಗಿಸಿ, ಬೀದಿಯಲ್ಲಿ ಇನ್ನೂ ಬಿಸಿಲಿರುವಾಗಲೇ ಬಂದ. ಬಾಗಿಲು ತೆಗೆದ ಮಗಳು ಅವನನ್ನು ಅಪರಿಚಿತನಂತೆ ನೋಡಿದಳು.

"ಯಾವುದು ಒಡೀತು?"

"ಯಾವುದೂ ಇಲ್ಲ."

ಅವಳು ನಂಬಲಿಲ್ಲ. ಮನೆಯ ಒಂದೊಂದೇ ಕಿಟಕಿ, ಕಪಾಟು, ಗೋಡೆಯ ಕನ್ನಡಿ ಮುಟ್ಟಿ ನೋಡಿ ಬಂದಳು. "ಮತ್ತೆ ಯಾಕೆ ಬಂದೆ?"

ಅವನು ಪುಟ್ಟಿಯ ಡಬ್ಬಿ ತೆಗೆದು ಅವಳ ಮುಂದಿಟ್ಟ. "ಪುಟ್ಟಿ ನಾದೋಕೆ ಆಳು ಬೇಕಿತ್ತು," ಅಂದ.

ಒಂದೇ ದಿನಕ್ಕೆ ಹಸುವಾಗುವ ಕಥೆಯಲ್ಲ ಇದು. ಅದೇ ವಾರ ಒಂದು ಗಾಜಿನ ಲೋಟ ಹೋಯಿತು. ಹೆಂಡತಿ ಫೋನು ಮಾಡಲಿಲ್ಲ, ಸುಮ್ಮನೆ ಗುಡಿಸಿದಳು. ಅವನು ಹೇಳಿದ ಹೊತ್ತಿಗೇ ಬಂದು ಪಕ್ಕ ಕೂತ. ಆ ದಿನ ಪುಟ್ಟಿಯ ಡಬ್ಬಿ ಮಾತ್ರ ತೆರೆಯಲಿಲ್ಲ. ಮಗಳು ಡಬ್ಬಿಯನ್ನೂ ಅವನನ್ನೂ ದುರುಗುಟ್ಟಿ ನೋಡಿದಳು, ಹಲ್ಲು ಕಡಿದಳು. ಕಚ್ಚಲಿಲ್ಲ.

ಭಾನುವಾರದ ಹೊತ್ತಿಗೆ ತಿರುವಿನ ರಟ್ಟು ಇಡೀ ಕಟ್ಟಡದ ಕಣ್ಣಿಗೆ ಚುಚ್ಚಿ ಚುಚ್ಚಿ ಹಳತಾಗಿತ್ತು. ಬೆಳಿಗ್ಗೆಯಿಂದ ಏನೂ ಒಡೆದಿರಲಿಲ್ಲ. ಅವನು ಮಗಳನ್ನು ಕರೆದುಕೊಂಡು ಗಾಜಿನ ಅಂಗಡಿಗೆ ಹೋಗಿ ತಿರುವಿನ ಕಿಟಕಿಗೆ ಗಾಜು ಕತ್ತರಿಸಿದ. ಹೊರಡುವಾಗ ತನ್ನ ಮೇಸ್ತ್ರಿ ಕಲಿಸಿದ ಮೊದಲ ಪಾಠವನ್ನು ಅವಳಿಗೂ ಹೇಳಿಕೊಟ್ಟ: "ಗಾಜು ಹೊತ್ತಾಗ ಹಿಂದಿನಿಂದ ಯಾರೇ ಕೂಗಲಿ, ತಿರುಗಬಾರದು. ನಾವು ತಿರುಗಿದ್ರೆ ಗಾಜೂ ತಿರುಗುತ್ತೆ, ಯಾರ ಮುಖಕ್ಕೋ ಬಡಿಯುತ್ತೆ. ಮುಂದೆ ಒಬ್ಬರು ದಾರಿ ಬಿಡಿಸ್ತಾ ಹೋಗ್ಬೇಕು. ಗಂಟಲು ಜೋರಿರ್ಬೇಕು. ನಿಂದು ಹೇಗಿದೆ?"

ಅವಳು ತೋರಿಸಿದಳು. ಅಂಗಡಿಯ ಬೆಕ್ಕು ಕಪಾಟು ಹತ್ತಿತು.

ಹಾಗೇ ಬಂದರು. ಮುಂದೆ ಅವಳು, ಹಿಂದೆ ಎರಡೂ ಕೈಯಲ್ಲಿ ಗಾಜು ಎತ್ತಿಕೊಂಡ ಅವನು. "ದಾರಿ ಬಿಡೀ! ಗಾಜೂ!" ಇಡೀ ಬೀದಿ ಬೈಯುತ್ತಿದ್ದ ಗಂಟಲಿಗೆ ಇಡೀ ಬೀದಿ ಪಕ್ಕಕ್ಕೆ ಸರಿಯಿತು.

ಕಟ್ಟಡದ ಗೇಟಿನಲ್ಲಿ ಸೆಕ್ರೆಟರಿ, ಅವನ ಪಕ್ಕದಲ್ಲಿ ಇಸ್ತ್ರಿ ಅಂಗಿಯ ವಾರ್ಡನ್ನು, ಸುತ್ತ ಅದೇ ಕಂಬಿಯ ಜನ. ಗೇಟಿನ ಒಳಗೆ ಹೆಂಡತಿ. ಗಾಜು ಕಂಡದ್ದೇ ಅವಳು ಸೆಕ್ರೆಟರಿಯ ಮಗ್ಗುಲಲ್ಲೇ ಕೈ ಹಾಕಿ ಗೇಟಿನ ಎರಡೂ ಬಾಗಿಲನ್ನು ಅಗಲಕ್ಕೆ ತೆರೆದಳು.

"ದಾರಿ ಬಿಡೀ! ಗಾಜೂ!"

ವಾರ್ಡನ್ನು ಬೆಚ್ಚಿ ಗೋಡೆಗೆ ಒತ್ತಿಕೊಂಡ. ಗಾಜು ಅವನ ಮೂಗಿನ ಮುಂದಿನಿಂದ ಒಳಗೆ ಸಾಗಿತು.

"ಏಯ್!" ಸೆಕ್ರೆಟರಿಯ ಕೂಗು ಬೆನ್ನಿಗೆ ಬಿತ್ತು. "ಒಡೆಯೋಳನ್ನೇ ಮೆರವಣಿಗೆ ಮಾಡಿಸ್ತೀಯಲ್ಲ, ಮಾನ ಮರ್ಯಾದೆ ಇದೆಯೇನಯ್ಯಾ? ಇವರಿಗೆ ಏನು ಹೇಳ್ಲಿ? ಬಾಯಿ ಬಿದ್ದುಹೋಯ್ತಾ?"

ಎಂಥ ಚೂಪು ಮಾತುಗಳಿದ್ದವು ಅವನ ಬಾಯಲ್ಲಿ! ಮುಂದಿನ ಮೆಟ್ಟಿಲಿನಿಂದ ಮಗಳು ಕತ್ತು ತಿರುಗಿಸದೆಯೇ ಎಚ್ಚರಿಸಿದಳು: "ಅಪ್ಪಾ, ತಿರುಗ್ಬೇಡ."

ಅವನು ತಿರುಗಲಿಲ್ಲ. ಗಾಜನ್ನು ಎದೆಗೆ ಸರಿಯಾಗಿ ಆನಿಸಿಕೊಂಡು, ಅವಳ ಹಿಂದೆ ಮೆಟ್ಟಿಲು ಹತ್ತಿ ಹೋದ.