ಮೊಮ್ಮಗಳ ಮಣಿಕಟ್ಟು

ನೆಲದಿಂದ ಏಳುವಾಗ ಮೊಮ್ಮಗಳು ಅಂಗೈ ಊರುವುದನ್ನು ಬಿಟ್ಟು ಮುಷ್ಟಿ ಊರತೊಡಗಿದ್ದಳು. ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಅದು. ಆಮೇಲೆ ಗಮನಿಸಿದರೆ, ನೀರಿನ ಜಗ್ಗನ್ನು ಎಡಗೈಯಲ್ಲಿ ಎತ್ತುತ್ತಾಳೆ, ಬಾಗಿಲನ್ನು ಮೊಣಕೈಯಿಂದ ತಳ್ಳುತ್ತಾಳೆ, ತಲೆ ಬಾಚಲು ತಾಯಿಯನ್ನು ಕರೆಯುತ್ತಾಳೆ. ತನ್ನ ತೂಕಕ್ಕಿಂತ ಹೆಚ್ಚಿನ ಕಬ್ಬಿಣವನ್ನು ತಲೆಯ ಮೇಲಕ್ಕೆ ಎತ್ತುವ ಹುಡುಗಿ ಬಾಚಣಿಗೆ ಹಿಡಿಯಲು ಹಿಂಜರಿದರೆ ಏನೋ ಕೆಟ್ಟಿದೆ ಎಂದು ತಿಳಿಯಲು ಹೆಚ್ಚು ಬುದ್ಧಿ ಬೇಕಿಲ್ಲ.

ಅವಳಿಗೆ ಭಾರ ಎತ್ತುವುದನ್ನು ಕಲಿಸಿದವನು ಅವಳ ತಂದೆ, ನನ್ನ ಮಗ. ಶಾಲೆಯೊಂದರಲ್ಲಿ ವ್ಯಾಯಾಮದ ಮಾಸ್ತರನಾಗಿದ್ದ. ಕಳೆದ ಚಳಿಗಾಲ ಮಧ್ಯಾಹ್ನ ಉಂಡು ಮಲಗಿದವನು ಮತ್ತೆ ಏಳಲಿಲ್ಲ. ಯಾಕೆ ಎಂದು ನಾನು ದೇವರನ್ನು ಕೇಳಿಲ್ಲ. ಕೇಳಲು ಹೊರಟರೆ ಪ್ರಾರ್ಥನೆ ಜಗಳವಾದೀತು ಎಂಬ ಭಯ ನನಗೆ. ಅವನಿದ್ದಾಗ ಹುಡುಗಿ ಶಾಲೆಯಲ್ಲಿ, ಮಕ್ಕಳಿಗೆಂದು ತರಿಸಿದ್ದ ಸಣ್ಣ ರಾಡುಗಳಲ್ಲಿ ಅಭ್ಯಾಸ ಮಾಡುತ್ತಿದ್ದಳು. ಅವನು ಹೋದಮೇಲೆ ಆ ದಾರಿ ಮುಚ್ಚಿತು. ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಅವನ ಸ್ವಂತ ರಾಡು, ಕಬ್ಬಿಣದ ಬಿಲ್ಲೆಗಳು ಹಾಗೆಯೇ ಇದ್ದವು. ಅಂದಿನಿಂದ ಅವಳು ಅದರಲ್ಲೇ ಎತ್ತುತ್ತಿದ್ದಳು.

ಬರುವ ಭಾನುವಾರ ಅವಳಿಗೆ ಭಾರ ಎತ್ತುವ ತಂಡದ ಆಯ್ಕೆಯ ಸ್ಪರ್ಧೆ ಇತ್ತು.

"ಕೈಗೆ ಏನಾಗಿದೆ ಕಡ್ಡಿ?" ಎಂದು ಕೇಳಿದೆ. ಕಡ್ಡಿ ಎಂಬುದು ಅವಳಪ್ಪ ಇಟ್ಟ ಅಡ್ಡಹೆಸರು.

"ಏನಿಲ್ಲ ಅಜ್ಜಿ. ಮಲಗಿದ್ದಾಗ ಮಡಚಿಕೊಂಡಿತ್ತು."

"ದಿನಾ ಮಡಚಿಕೊಳ್ಳೋಕೆ ಅದೇನು ಕೊಡೇನಾ?"

ಅವಳು ನಕ್ಕಳು, ಆದರೆ ಬಲಗೈಯನ್ನು ಬೆನ್ನ ಹಿಂದೆ ಸರಿಸಿದಳು. "ಅಮ್ಮಂಗೆ ಹೇಳ್ಬೇಡ. ಹೇಳಿದ್ರೆ ಶೆಡ್ಡಿಗೆ ಬೀಗ ಬೀಳುತ್ತೆ. ಭಾನುವಾರ ಒಂದು ಕಳೆದುಬಿಡ್ಲಿ. ಈ ಸಲ ಬಿಟ್ರೆ ನನ್ನ ವಯಸ್ಸಿನ ಗುಂಪಲ್ಲಿ ಮತ್ತೆ ನಿಲ್ಲೋ ಹಾಗಿಲ್ಲ."

"ಕೈಯೇ ಹೋದ್ರೆ?"

"ಎಲ್ಲಿಗೆ ಹೋಗುತ್ತೆ? ತೋಳಿಗೆ ಅಂಟ್ಕೊಂಡೇ ಇರುತ್ತೆ."

ಬಾಯಿಗೆ ಬಿಸಿ ತುಪ್ಪ ಬಿದ್ದ ಹಾಗಾಯಿತು. ಸೊಸೆ ಬೆಳಗಾದರೆ ಬಟ್ಟೆ ಹೊಲಿಯುವ ಕಾರ್ಖಾನೆಗೆ ಹೋಗಿ ಸಂಜೆ ಬರುವವಳು. ಗಂಡ ಹೋದಂದಿನಿಂದ ಶೆಡ್ಡಿನ ಕಡೆ ಮುಖ ಹಾಕಿರಲಿಲ್ಲ. ಅವಳಿಗೆ ಹೇಳಿದರೆ ಹುಡುಗಿಯ ಆಸೆ ಮುರಿಯುತ್ತದೆ, ಹೇಳದಿದ್ದರೆ ಕೈ. ಶೆಡ್ಡಿನಿಂದ ಕಬ್ಬಿಣ ನೆಲಕ್ಕೆ ಬಿದ್ದ ಸದ್ದು ಬಂದಾಗಲೆಲ್ಲ ನನ್ನ ಪ್ರಾರ್ಥನೆ ಅರ್ಧಕ್ಕೇ ನಿಲ್ಲುತ್ತಿತ್ತು. ಸದ್ದಿನ ಹಿಂದೆಯೇ ಅವಳ ಕೂಗು ಕೇಳೀತೇ ಎಂದು ಕಿವಿ ಕಾಯುತ್ತಿತ್ತು. ಕಿಟಕಿಯಿಂದ ಇಣುಕಿದರೆ ಮಣಿಕಟ್ಟಿಗೆ ಪಟ್ಟಿಯನ್ನು ಬೆರಳು ಬಿಳಿಚುವಷ್ಟು ಬಿಗಿದುಕೊಂಡು ಮತ್ತೆ ಬಗ್ಗುತ್ತಿದ್ದಳು.

ಒಂದು ಬೆಳಿಗ್ಗೆ ಅವಳ ಕೈಯಿಂದ ತಟ್ಟೆ ಜಾರಿ ಒಡೆಯಿತು. ಸೊಸೆ ಆಗಲೇ ಕೆಲಸಕ್ಕೆ ಹೊರಟುಹೋಗಿದ್ದಳು. ನಾನು ಚಪ್ಪಲಿ ಮೆಟ್ಟಿದೆ.

"ನಡಿ. ಡಾಕ್ಟರಮ್ಮನ ಹತ್ರ ಬರ್ತೀಯೋ, ನಾನು ನಿಮ್ಮಮ್ಮನ ಹತ್ರ ಹೋಗ್ಲೋ?"

"ಇದು ಬೆದರಿಕೆ ಅಜ್ಜಿ."

"ಹೌದು ಕಣೇ. ಈ ವಯಸ್ಸಲ್ಲಿ ಎತ್ತೋಕೆ ಆಗೋದು ಅದೊಂದೇ."

ಡಾಕ್ಟರಮ್ಮ ಮಣಿಕಟ್ಟನ್ನು ಅತ್ತ ಇತ್ತ ಬಾಗಿಸಿ ನೋಡಿದರು. ಕಿರುಬೆರಳಿನ ಕೆಳಗೆ ಒತ್ತಿದಾಗ ಹುಡುಗಿ ತುಟಿ ಕಚ್ಚಿದಳು.

"ಮೂಳೆಗೆ ಏನೂ ಆಗಿಲ್ಲ," ಎಂದರು. "ಆದ್ರೆ ಹೀಗೇ ಎತ್ತುತ್ತಾ ಹೋದ್ರೆ, ಭಾರ ಇರಲಿ, ಮುಂದೆ ಮಗು ಎತ್ಕೊಳ್ಳೋಕೂ ಈ ಕೈಲಿ ಆಗಲ್ಲ. ರಾಡು ಹೇಗೆ ಹಿಡೀತೀಯ ತೋರಿಸು." ಮೂಲೆಯಲ್ಲಿದ್ದ ನೆಲ ಒರೆಸುವ ಕೋಲನ್ನು ಕೊಟ್ಟರು.

ಅವಳು ಅದನ್ನು ತಲೆಯ ಮೇಲೆ ಹಿಡಿದಳು. ಡಾಕ್ಟರಮ್ಮ ಸುತ್ತ ತಿರುಗಿ ನೋಡಿದರು.

"ಚೆನ್ನಾಗಿಯೇ ಹಿಡಿದಿದ್ದೀಯಲ್ಲ. ಕೋಲು ಅಂಗೈಯ ಬುಡದಲ್ಲಿ ಕೂತಿದೆ, ಮಣಿಕಟ್ಟು ನೆಟ್ಟಗಿದೆ, ಭಾರ ನೇರ ಮುಂಗೈಗೆ ಇಳಿಯುತ್ತೆ. ಎತ್ತೋ ಮೊದಲು ಕೈ ಬಿಸಿ ಮಾಡ್ಕೊಳ್ತೀಯಾ?"

"ಮಾಡ್ಕೊಳ್ತೀನಿ."

"ಭಾರ ಒಂದೇ ಸಲ ಏರಿಸ್ತೀಯಾ?"

"ಇಲ್ಲ. ಅಪ್ಪ ಬಿಡ್ತಿರಲಿಲ್ಲ."

"ಹಾಗಾದ್ರೆ ಮನೇಲಿ ಹಿಡಿಯೋದು ಈ ಥರ ಅಲ್ಲ. ಏನೋ ಬೇರೆ ಇದೆ."

ಹುಡುಗಿ ಗೋಡೆಯ ಕಡೆ ನೋಡಿದಳು. ನೋವು ಪೂರ್ತಿ ಇಳಿಯುವವರೆಗೆ ಭಾರ ಮುಟ್ಟಬಾರದು, ಪಟ್ಟಿ ಕಟ್ಟಿ ನೋವನ್ನು ಮುಚ್ಚಿಡಬಾರದು ಎಂದು ಡಾಕ್ಟರಮ್ಮ ಹೇಳಿ ಕಳಿಸಿದರು. ಮನೆ ಮುಟ್ಟಿದವಳೇ ಹುಡುಗಿ, "ಭಾನುವಾರ ಎತ್ತೇ ಎತ್ತುತ್ತೀನಿ," ಎಂದಳು.

ನಾನು ನೆಟ್ಟಗೆ ಶೆಡ್ಡಿಗೆ ನಡೆದೆ. "ಖಾಲಿ ರಾಡನ್ನ ಒಂದು ಸಲ ಹಿಡಿದು ತೋರಿಸು. ಎತ್ತಬೇಡ."

ನೆಲದ ಮೇಲಿದ್ದ ರಾಡಿಗೆ ಅವಳು ಕೈ ಹಾಕಿದಳು. ಬೆರಳುಗಳು ಅದನ್ನು ಸುತ್ತಿ ಕೂಡಲಿಲ್ಲ. ಹೆಬ್ಬೆರಳಿಗೂ ಉಳಿದ ಬೆರಳುಗಳಿಗೂ ನಡುವೆ ಜಾಗ ಉಳಿಯಿತು. ಹಾಗೆ ಹಿಡಿದು ಮೇಲೆತ್ತಿದರೆ ರಾಡು ಅಂಗೈಯ ಬುಡ ಬಿಟ್ಟು ಬೆರಳಿನ ಕಡೆ ಉರುಳದೆ ಇರದು, ಮಣಿಕಟ್ಟು ಹಿಂದಕ್ಕೆ ಬಾಗದೆ ಇರದು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ.

ನನ್ನ ಮಗನ ಕೈ ದೊಡ್ಡದು, ಬೆವರುವ ಕೈ. ಜಾರದಿರಲೆಂದು ರಾಡಿಗೆ ಬಟ್ಟೆಯ ಟೇಪು ಸುತ್ತುತ್ತಿದ್ದ. ಸವೆದರೆ ಹಳೆಯದನ್ನು ತೆಗೆಯದೆ ಅದರ ಮೇಲೆಯೇ ಮತ್ತೊಂದು ಸುತ್ತು. ಹಾಗೆ ವರ್ಷಗಟ್ಟಲೆ ಸುತ್ತಿ ರಾಡು ದಪ್ಪವಾಗಿತ್ತು. ಹೆಬ್ಬೆರಳು ಒತ್ತಿದಲ್ಲಿ ಬಟ್ಟೆ ಕಪ್ಪಾಗಿ ಗುಳಿ ಬಿದ್ದಿತ್ತು. ಆ ಗುಳಿಯಲ್ಲಿ ನನ್ನ ಬೆರಳಿಟ್ಟೆ.

"ಇದರಿಂದಲೇ ನೋವು ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಬಿಚ್ಚಬಾರದಿತ್ತಾ?"

"ನೀನು ಬಿಚ್ಚು ನೋಡೋಣ," ಎಂದಳು.

ನಾನು ಕುಳಿತೆ. ಟೇಪಿನ ತುದಿ ಹುಡುಕಿದೆ, ಸಿಕ್ಕಿತು, ಉಗುರಿನಿಂದ ಎಬ್ಬಿಸಿದೆ. ಮುಂದೆ ಕೈ ಓಡಲಿಲ್ಲ. ದೇವರೇ, ಎಂದೆ.

ಎಷ್ಟು ಹೊತ್ತು ಹಾಗೆ ಕುಳಿತಿದ್ದೆವೋ, ಬಾಗಿಲಲ್ಲಿ ಸೊಸೆ ನಿಂತಿದ್ದಳು. ಕಾರ್ಖಾನೆಯಲ್ಲಿ ಕರೆಂಟು ಹೋಗಿ ಬೇಗ ಬಿಟ್ಟಿದ್ದರಂತೆ. ನಮ್ಮಿಬ್ಬರ ಮುಖ ನೋಡಿ, "ಏನು ನಡೀತಿದೆ ಇಲ್ಲಿ?" ಎಂದಳು.

ಹುಡುಗಿ ನನ್ನ ಕಡೆ ನೋಡಿದಳು. ಕೊನೆಗೆ ಅವಳೇ ಎಲ್ಲ ಹೇಳಿದಳು, ನೆಲ ನೋಡುತ್ತ. ಸೊಸೆ ಅವಳ ಬಲಗೈಯನ್ನು ಹಿಡಿದು ಊದಿಕೊಂಡ ಜಾಗವನ್ನು ನೋಡಿದಳು. ಈಗ ಬೀಗದ ಮಾತು ಬರುತ್ತದೆ ಎಂದು ನಾನು ಕಾದೆ.

"ಎಷ್ಟು ದಿನದಿಂದ ನನ್ನ ಕೈಲಿ ತಲೆ ಬಾಚಿಸ್ಕೊಳ್ತಿದೀಯ," ಎಂದಳು ಸೊಸೆ. "ನಾನು ದಡ್ಡಿ. ಮಗಳಿಗೆ ಪ್ರೀತಿ ಬಂದಿದೆ ಅಂದ್ಕೊಂಡಿದ್ದೆ."

"ಅದೂ ಇತ್ತು ಅಮ್ಮ."

"ಸುಮ್ನಿರು." ಸೊಸೆ ರಾಡಿನ ಪಕ್ಕದಲ್ಲಿ ಕೂತಳು.

"ಕತ್ತರಿ ತರ್ಲಾ?" ಎಂದಳು ಹುಡುಗಿ.

"ಬೇಡ. ಚೂರು ಚೂರಾಗುತ್ತೆ." ನಾನು ಎಬ್ಬಿಸಿದ್ದ ತುದಿಯನ್ನು ಅವಳು ಒಂದು ಸುತ್ತು ಎಳೆದಳು. ಅಂಟು ಬಿಡುವ ಸದ್ದಾಯಿತು. ಅಲ್ಲಿಗೆ ಅವಳ ಕೈಯೂ ನಿಂತಿತು. "ಅತ್ತೆ, ನೀವೂ ಹಿಡೀರಿ. ನನ್ನೊಬ್ಬಳಿಂದ ಆಗಲ್ಲ."

ನಾನು ರಾಡನ್ನು ಉರುಳಿಸಿದೆ, ಅವಳು ಎಳೆದಳು. ಕಪ್ಪು ಪದರ ಬಿಚ್ಚಿದರೆ ಕಂದು, ಕಂದು ಬಿಚ್ಚಿದರೆ ಮಾಸಿದ ಬಿಳಿ. ಪ್ರತಿ ಪದರದಲ್ಲೂ ಅದೇ ಜಾಗದಲ್ಲಿ ಹೆಬ್ಬೆರಳಿನ ಗುರುತು. ಅವನ ಬೆವರಿನ ವಾಸನೆ ಎದ್ದು ಶೆಡ್ಡು ತುಂಬಿತು. ನಾವು ಮೂವರೂ ಅದನ್ನು ಉಸಿರಾಡಿದೆವು. ಕೊನೆಗೆ ಕೈಗೆ ತಣ್ಣನೆಯ ಬರೀ ಕಬ್ಬಿಣ ತಾಕಿತು.

"ಹಿಡಿ," ಎಂದಳು ಸೊಸೆ. ಹುಡುಗಿ ಹಿಡಿದಳು. ಬೆರಳು ಸುತ್ತಿ ಬಂದು ಹೆಬ್ಬೆರಳು ಅದರ ಮೇಲೆ ಬಿಗಿಯಿತು.

"ನೋವು?"

ಅವಳು ಮಣಿಕಟ್ಟನ್ನು ಮೆಲ್ಲಗೆ ಅತ್ತಿತ್ತ ತಿರುಗಿಸಿದಳು. "ಇದೆ," ಎಂದಳು.

"ಭಾನುವಾರ ಹೋಗು ಅಂತ ಹೇಳಲ್ಲ, ಬೇಡ ಅಂತಾನೂ ಹೇಳಲ್ಲ. ಕೈ ನಿಂದು," ಎಂದಳು ಸೊಸೆ.

ನಾನು ಬಾಯಿ ತೆರೆಯಲಿದ್ದೆ. ಸೊಸೆ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ತಡೆದಳು. ಹುಡುಗಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡಳು.

"ಹೋಗಲ್ಲ," ಎಂದಳು. ಸ್ವಲ್ಪ ಹೊತ್ತಿಗೆ, "ಇನ್ನು ದೊಡ್ಡವರ ಗುಂಪಲ್ಲೇ ನಿಲ್ಬೇಕು. ಅಲ್ಲಿ ಕಂಬದಂಥ ಹೆಂಗಸರಿರ್ತಾರೆ."

"ಕಡ್ಡಿಗೆ ಒಳ್ಳೇದೇ ಆಯ್ತು," ಎಂದೆ. "ಮರೆಯಲ್ಲಿ ನಿಂತು ಎತ್ತಿಬಿಡು."

ಅವಳು ನಗುತ್ತ ನಗುತ್ತ ಅಳತೊಡಗಿದಳು. ಆ ಭಾನುವಾರ ಸ್ಪರ್ಧೆ ಶುರುವಾಗುವ ಹೊತ್ತಿಗೆ ಹೊದ್ದು ಮಲಗಿದವಳು ಸಂಜೆಯವರೆಗೆ ಏಳಲಿಲ್ಲ. ನಾನು ಹಲವು ಸಲ ಹೋಗಿ ಅವಳ ಉಸಿರು ನೋಡಿ ಬಂದೆ.

ಖಾಲಿ ರಾಡು ಹಿಡಿಯಲು ಡಾಕ್ಟರಮ್ಮ ಒಪ್ಪಿದ್ದು ಮಳೆಗಾಲ ಮುಗಿದಮೇಲೆ. ಈಗ ಅವಳು ಎತ್ತುವಾಗ ಶೆಡ್ಡಿನ ಬಾಗಿಲಲ್ಲಿ ನಾನು ಸ್ಟೂಲು ಹಾಕಿ ಕೂರುತ್ತೇನೆ. ಬೇರೆ ಏನನ್ನೂ ನೋಡುವುದಿಲ್ಲ, ಮಣಿಕಟ್ಟೊಂದನ್ನೇ ನೋಡುತ್ತೇನೆ.

"ನೆಟ್ಟಗಿದೆಯಾ ಅಜ್ಜಿ?"

"ಬಲಗಡೆ ಒಂದು ಚೂರು ಬಾಗಿದೆ."

"ಎಲ್ಲಿ? ಇಲ್ವಲ್ಲ."

"ಇದೆ. ಇಳಿಸು."

ಗೊಣಗುತ್ತ ಇಳಿಸಿ, ಹೆಬ್ಬೆರಳನ್ನು ಸರಿಪಡಿಸಿಕೊಂಡು, ಅವಳು ಮತ್ತೆ ಬಗ್ಗುತ್ತಾಳೆ.