ಗಾಜಿನ ಮೇಲಿನ ಬೆರಳುಗಳು

ಯೂನುಸ ತೆಗೆದ ಯಾವ ಫೋಟೋದಲ್ಲೂ ಯಾರ ಮುಖಕ್ಕೂ ಸಿಡುಬಿನ ಕಲೆ ಇರಲಿಲ್ಲ. ಸಿಂಧನೂರಿನಲ್ಲಿ ಕಲೆಯಿದ್ದವರು ಬೇಕಾದಷ್ಟಿದ್ದರು. ಅವನು ಗಾಜಿನ ನೆಗೆಟಿವನ್ನು ಕಿಟಕಿಯ ಬೆಳಕಿಗೆ ಒರಗಿಸಿ, ಸೂಜಿಯಂತೆ ಹೆರೆದ ಪೆನ್ಸಿಲಿನಿಂದ ಒಂದೊಂದೇ ಗುಳಿ ತುಂಬುತ್ತಿದ್ದ. ಪೆನ್ಸಿಲು ಎಲ್ಲಿ ಮುಟ್ಟಿತ್ತೆಂದು ಆಮೇಲೆ ಅವನಿಗೇ ಗೊತ್ತಾಗುತ್ತಿರಲಿಲ್ಲ.

ತುರ್ವಿಹಾಳದ ದುರುಗಪ್ಪನ ಮುಖದ ತುಂಬ ಕಲೆಯಿತ್ತು; ಅವನ ಫೋಟೋಕ್ಕೆ ಎರಡು ದಿನ ಹಿಡಿದಿತ್ತು. ಅದನ್ನು ಮೊದಲು ಅವನ ಹೆಂಡತಿ ಪಾರ್ವತೆಮ್ಮನ ಕೈಗೆ ಕೊಟ್ಟ.

ಕಾಲುವೆ ತೋಡುವಾಗ ಮದ್ದು ಸಿಡಿದು ಹೆಬ್ಬೆರಳೊಂದು ಬಿಟ್ಟು ಮೊಂಡಾಗಿದ್ದ ಗಂಡನ ಬಲಗೈ, ಫೋಟೋದಲ್ಲಿ ಮೇಜಿನ ಕರಿ ಬಟ್ಟೆಯ ಮೇಲೆ ಇಡಿಯಾಗಿ ಮಲಗಿತ್ತು. ಗೆಣ್ಣುಗಳಲ್ಲಿ ಸುಕ್ಕಿತ್ತು, ಉಗುರಿತ್ತು, ಉಗುರಿಗೆ ಹೊಳಪೂ ಇತ್ತು.

"ಅಯ್ಯ ನಮ್ಮವ್ವಾ! ಕಿರಿಬೆರಳು ಹಿಂಗಽ ಸೊಟ್ಟ ಇತ್ತು. ನಿಮಗ ಯಾರು ಹೇಳಿದ್ರಣ್ಣಾ?"

"ಎಡಗೈ ನೋಡಿ ಬರದೀನಿ ತಂಗಿ." ಯೂನುಸನ ಮುಖ ಅರಳಿತು. "ಹೈದರಾಬಾದಿನಾಗೂ ಹಿಂಗ ಮಾಡೋರು ಸಿಗಂಗಿಲ್ಲ."

ದುರುಗಪ್ಪ ಬಹಳ ಹೊತ್ತು ನೋಡಿದ. "ಇದು ನಡ್ಯಂಗಿಲ್ಲ ಭಾಯಿ."

"ಯಾಕ? ಒಂದು ಬೆರಳು ಹೆಚ್ಚಿಗಿ ಆಗೈತೇನು?"

"ಕಾಲುವಿ ಕೆಲಸದಾಗ ಕೈ ಹೋದೋರಿಗೆ ತೂಬು ಕಾಯೋ ನೌಕ್ರಿ ಕೊಡ್ತಾರಂತ್ರಿ. ದರ್ಖಾಸ್ತಿಗೆ ಮಾರಿ, ಮೊಂಡಗೈ ಎರಡೂ ಕಾಣೋ ಫೋಟೋ ಹಚ್ಚಬೇಕು. ನಾಳಿಗೆ ಕಡೀ ದಿನ."

"ಮೊದ್ಲಽ ಹೇಳಬಾರದೇನಪಾ?"

"ಕೈ ಮುಂದಽ ಇಟ್ಕಂಡು ಕುಂತಿದ್ನೆಲ್ರೀ."

ಕುಂತಿದ್ದ, ನಿಜ. ಮುಚ್ಚಿಕೊಳ್ಳಲೂ ತಿಳಿಯದ ಪಾಪದ ಮನುಷ್ಯ ಎಂದುಕೊಂಡಿದ್ದ ಯೂನುಸ.

ಮತ್ತೊಮ್ಮೆ ತೆಗೆಯಲು ಗಾಜಿನ ಪ್ಲೇಟು ಇರಲಿಲ್ಲ, ರಾಯಚೂರಿನಿಂದ ಬರಬೇಕಿತ್ತು. ಅವನು ಪೆನ್ಸಿಲಿನ ಗೆರೆ ಒರೆಸಲು ಟರ್ಪಂಟೈನ್ ಸೀಸೆ ತೆಗೆದು ಅರಳೆ ಅದ್ದಿದ.

"ಮಾರಿ ಮುಟ್ಟಬ್ಯಾಡ್ರಣ್ಣಾ," ಪಾರ್ವತೆಮ್ಮ ಮುಂದೆ ಬಂದಳು. "ಸಿಡುಬಿಗೇನು ನೌಕ್ರಿ ಕೊಡಾಕತ್ತಿಲ್ಲಲ್ಲ." ಕೈಯಲ್ಲಿದ್ದ ಫೋಟೋವನ್ನು ಸೆರಗಿನೊಳಗೆ ಸರಿಸಿದಳು. "ಇದು ಮನ್ಯಾಗ ಇರ್ಲಿ."

"ಇಲ್ಲಿ ಕೊಡಬೇ." ದುರುಗಪ್ಪ ಎಡಗೈ ಚಾಚಿದ. " ಯಾರರ ಒಯ್ದು ಸಾಹೇಬ್ರಿಗೆ ತೋರಿಸಿದ್ರ? ಕೈ ನೆಟ್ಟಗೈತಲ್ಲೋ ಮಗನ ಅಂತಾರ."

ಅವಳು ಕೊಡಲಿಲ್ಲ. ಅವನು ಕೈ ಚಾಚಿಕೊಂಡೇ ನಿಂತ. ಕೊನೆಗೆ ಕೊಟ್ಟಳು. ದುರುಗಪ್ಪ ಅದರ ಒಂದು ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹರಿದ.

ಯೂನುಸ ಅತ್ತ ನೋಡಲಿಲ್ಲ. ಅರಳೆಯನ್ನು ಗಾಜಿನ ಮೇಲೆ ಮೆಲ್ಲಗೆ ಆಡಿಸಿದ. ಸೊಟ್ಟ ಕಿರಿಬೆರಳು ಮೊದಲು ಅಳಿಸಿಹೋಯಿತು. ಉಗುರಿನ ಹೊಳಪು ಅರಳೆಯಲ್ಲಿ ಬೂದಿಯಂತೆ ಹತ್ತಿತು. ಒರೆಸಿದ್ದಾದ ಮೇಲೆ ಗಾಜನ್ನು ಕಿಟಕಿಗೆ ಎತ್ತಿ ಹಿಡಿದ. ಹೆಬ್ಬೆರಳು ದುರುಗಪ್ಪನದೇ, ಅದು ಉಳಿದಿತ್ತು. ನಾಲ್ಕು ಬೆರಳು ಹೋಗಿದ್ದವು.